ಸರಾಸರಿಯಲ್ಲಿ ಕಾಣದ ಹಳ್ಳ

ಸೆಪ್ಟೆಂಬರಿನ ಉತ್ತರಿ ಮಳೆಯ ದಿನಗಳಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಇಳಕಲ್ಲಿನ ಅತ್ತೆಯ ಮನೆಗೆ ಹೋಗಿದ್ದೆವು. ಮಧ್ಯಾಹ್ನ ಊಟ ಮಾಡಿ ಎದ್ದವರು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತರು. ಅಲ್ಲಿಯ ವೈದ್ಯರು ನೋಡಿ, ತಡ ಮಾಡದೆ ಬಾಗಲಕೋಟೆಗೆ ಒಯ್ಯಿರಿ ಎಂದರು. ಭಾವ ಗಾಡಿ ತೆಗೆದರು. ಹುನಗುಂದ ದಾಟುವ ಹೊತ್ತಿಗೆ ಮುಂದಿನ ರಸ್ತೆ ಕಾಣದಷ್ಟು ಮಳೆ. ದೊಡ್ಡ ರಸ್ತೆಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು, ಭಾವ ಒಳರಸ್ತೆ ಹಿಡಿದರು. ಆ ರಸ್ತೆಗೆ ಒಂದು ಹಳ್ಳ ಅಡ್ಡ ಬರುತ್ತದೆ. ಹಳ್ಳ ತುಂಬಿ ಬಂದಿತ್ತು, ಸೇತುವೆ ನೀರಿನ ಕೆಳಗೆ ಹೋಗಿತ್ತು. ಹಿಂದಕ್ಕೆ ತಿರುಗೋಣವೆಂದರೆ ನಾವು ದಾಟಿ ಬಂದಿದ್ದ ತಗ್ಗೂ ತುಂಬಿತ್ತು. ನೀರು ಇಳಿಯಲಿ ಎಂದು ಕಾದೆವು. ನೀರು ಇಳಿಯಿತು. ಅಷ್ಟರಲ್ಲಿ ಅವರು ಹೋಗಿದ್ದರು.

ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಬರೆಯಬೇಕೆಂದಿರುವುದು ಆಮೇಲೆ ಕಚೇರಿಯಲ್ಲಿ ಮಾಡಿದ ಒಂದು ಕೆಲಸದ ಬಗ್ಗೆ. ಆದರೆ ಆ ಹಳ್ಳವನ್ನು ಬಿಟ್ಟು ಈ ಕೆಲಸವನ್ನು ಹೇಳಲು ಬರುವುದಿಲ್ಲ.

ಮಣ್ಣು ಕೊಟ್ಟು, ಶಿವಗಣಾರಾಧನೆ ಮುಗಿದ ಮೇಲೆ ನಾನು ಇಳಕಲ್ಲಿನಲ್ಲೇ ಉಳಿದಿದ್ದೆ. ಬಂದವರು ಕುಳಿತು ಹೋಗುತ್ತಿದ್ದರು. ಪಕ್ಕದ ಮನೆಯಲ್ಲಿ ಮಗ್ಗದ ಸದ್ದು ಒಂದೆರಡು ದಿನ ನಿಂತಿತ್ತು, ಮತ್ತೆ ಸುರುವಾಯಿತು. ಒಂದು ಬೆಳಿಗ್ಗೆ ಅತ್ತೆ ನನ್ನ ಚೀಲವನ್ನು ತಾವೇ ತುಂಬಿ ಬಾಗಿಲ ಬಳಿ ಇಟ್ಟರು.

“ನಮ್ಮೊಳಗ ಸೂತಕ ಅನ್ನೂದಿಲ್ಲವ್ವಾ,” ಎಂದರು. “ಮನ್ಯಾಗ ಕುಂತು ಏನ್ ಮಾಡ್ತಿ? ಕಾಯಕ ಬಿಡಬ್ಯಾಡ.”

ಅವರು ಮಗನನ್ನು ಕಳೆದುಕೊಂಡಿದ್ದರು. ನಾನು ಚೀಲ ಎತ್ತಿಕೊಂಡೆ. ಚೀಲದೊಳಗೆ ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ ಇದ್ದವು. ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಆ ಗಂಟು ಮುಗಿಯಲು ಬಹಳ ದಿನ ಬೇಕಾಯಿತು. ಇಬ್ಬರ ಲೆಕ್ಕದಲ್ಲಿ ಬಡಿದ ರೊಟ್ಟಿಗಳು.

ನಾನು ಸಿವಿಲ್ ಡಿಪ್ಲೊಮಾ ಓದಿದವಳು. ಕುಡಿಯುವ ನೀರಿನ ಯೋಜನೆಗಳನ್ನು ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಲೆಕ್ಕದ ಕೆಲಸ. ಆ ವರ್ಷ ನಮಗೆ ಒಪ್ಪಿಸಿದ್ದು ಇದು: ಬರುವ ದಶಕಗಳಲ್ಲಿ ನಮ್ಮ ಭಾಗದ ಯಾವ ಕೆರೆಗಳು ಕುಡಿಯುವ ನೀರಿಗೆ ಆಧಾರವಾಗಿ ಉಳಿಯುತ್ತವೆ, ಯಾವುವು ಉಳಿಯುವುದಿಲ್ಲ ಎಂದು ವರದಿ ಮಾಡಬೇಕು. ಉಳಿಯುವುದಿಲ್ಲ ಎಂದು ಬರೆದ ಕೆರೆಯನ್ನು ಮೂಲಗಳ ಪಟ್ಟಿಯಿಂದ ತೆಗೆಯುತ್ತಾರೆ. ಪಟ್ಟಿಯಿಂದ ತೆಗೆದ ಮೇಲೆ ಅದರ ಒಡ್ಡನ್ನು, ತೂಬನ್ನು, ನೀರು ತರುವ ಕಾಲುವೆಯನ್ನು ಯಾರೂ ದುರಸ್ತಿ ಮಾಡುವುದಿಲ್ಲ. ಹಾಗಾಗಿ ಆ ವರದಿಯಲ್ಲಿ ನಾವು ಬರೆದದ್ದು ಕ್ರಮೇಣ ನಿಜವಾಗಿಬಿಡುತ್ತದೆ.

ಇದಕ್ಕಾಗಿ ಮೇಲಿನಿಂದ ಐದು ಹವಾಮಾನ ಮಾದರಿಗಳ ಮಳೆಯ ಅಂಕಿಗಳನ್ನು ಕಳಿಸಿದ್ದರು. ಮಾದರಿ ಎಂದರೆ ಗಾಳಿ, ಕಡಲು, ಬಿಸಿಲು ಒಂದನ್ನೊಂದು ಹೇಗೆ ನಡೆಸುತ್ತವೆ ಎಂಬುದನ್ನು ಲೆಕ್ಕ ಹಾಕುತ್ತ ಕಂಪ್ಯೂಟರಿನೊಳಗೆ ವರ್ಷಗಳನ್ನು ಮುಂದಕ್ಕೆ ಓಡಿಸುವ ಕಾರ್ಯಕ್ರಮ. ಅದು ಭೂಮಿಯನ್ನು ದೊಡ್ಡ ದೊಡ್ಡ ಚೌಕಗಳಾಗಿ ಕತ್ತರಿಸಿಕೊಂಡು ಪ್ರತಿ ಚೌಕಕ್ಕೆ ದಿನಕ್ಕೊಂದು ಮಳೆಯ ಅಂಕಿ ಕೊಡುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಹೆಚ್ಚುಕಡಿಮೆ ಒಂದೇ ಚೌಕದಲ್ಲಿ ಬರುತ್ತವೆ. ಮಾದರಿಯ ಕಣ್ಣಿಗೆ ನಾವೆಲ್ಲ ಒಂದೇ ಊರು.

ನಾನು ರಜೆಯಲ್ಲಿದ್ದಾಗ ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಲೆಕ್ಕವನ್ನು ಒಂದು ಹಂತಕ್ಕೆ ತಂದಿದ್ದರು. ನಮ್ಮ ಕಚೇರಿಯಲ್ಲಿ ಹಿಂದಿನಿಂದ ಒಂದು ರೂಢಿಯಿದೆ. ನಾಲ್ಕು ಊರುಗಳ ಮಳೆಮಾಪಕದ ಅಂಕಿ ಬಂದರೆ ಕೂಡಿಸಿ ನಾಲ್ಕರಿಂದ ಭಾಗಿಸಿ, ಇಂದಿನ ಮಳೆ ಇಷ್ಟು ಎಂದು ಬರೆಯುವುದು. ನಾನು ಕೆಲಸಕ್ಕೆ ಸೇರಿದ ದಿನ ಕಲಿತದ್ದೂ ಅದನ್ನೇ. ಐದು ಮಾದರಿಗಳು ಬಂದಾಗ ಅವರು ಅದೇ ಕೈಯಿಂದ ಐದನ್ನೂ ದಿನ ದಿನಕ್ಕೆ ಕೂಡಿಸಿ ಐದರಿಂದ ಭಾಗಿಸಿದ್ದರು. ಆ ಒಂದೇ ಮಳೆಯನ್ನು ಎಲ್ಲ ಕೆರೆಗಳ ಲೆಕ್ಕಕ್ಕೆ ಹಾಕಿದ್ದರು. ನಾನಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ.

ಉತ್ತರ ಸಿದ್ಧವಾಗಿತ್ತು. ಹುನಗುಂದ ತಾಲೂಕಿನ ಒಂದು ಊರಿನ ಕೆರೆ ಮುಂದಿನ ವರ್ಷಗಳಲ್ಲಿ ತುಂಬುವುದೇ ಇಲ್ಲ ಎಂದು ಬಂದಿತ್ತು. ತೆಗೆಯುವವುಗಳ ಪಟ್ಟಿಯಲ್ಲಿ ಅದರ ಹೆಸರು ಮೊದಲಿಗಿತ್ತು. ನನಗೆ ಉಳಿದಿದ್ದದ್ದು ಅಂಕಿಗಳನ್ನು ಇನ್ನೊಮ್ಮೆ ನೋಡಿ ವರದಿಯ ಭಾಷೆ ತಿದ್ದುವುದು. ಅದು ನನಗೆ ಅನುಕೂಲವಾಗಿತ್ತು. ಯೋಚನೆ ಬೇಡದ ಕೆಲಸ ಬೇಕಾಗಿತ್ತು. ಬೆಳಿಗ್ಗೆ ಬಂದು ಕುಳಿತರೆ ಸಂಜೆಯಾಗುತ್ತಿತ್ತು. ನಡುವೆ ಏನಾಯಿತೆಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಚಳಿ ಹಿಡಿದ ಒಂದು ದಿನ ಆ ಊರಿನ ಪಂಚಾಯಿತಿ ಅಧ್ಯಕ್ಷೆ ಬಂದರು. ಐವತ್ತರ ಹತ್ತಿರದ ಹೆಂಗಸು, ತಲೆಯ ಮೇಲೆ ಸೆರಗು, ಕೈಯಲ್ಲಿ ನೀರಿನ ಬಾಟಲಿ. ಕರಡು ಪಟ್ಟಿಯ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು. ಯಾರನ್ನು ಕೇಳಬೇಕೆಂದು ತಿಳಿಯದೆ ನಮ್ಮಿಬ್ಬರ ಮೇಜುಗಳ ನಡುವೆ ನಿಂತರು.

“ನಮ್ಮ ಕೆರಿ ತುಂಬೂದಿಲ್ಲಂತ ಯಾರ್ ಹೇಳಿದ್ರಿ?” ಎಂದು ಕೇಳಿದರು.

ಸಹೋದ್ಯೋಗಿ, ನಾವಲ್ಲ, ಕಂಪ್ಯೂಟರ ಹೇಳಿತು ಎಂದರು.

“ಕಂಪ್ಯೂಟರ ನಮ್ಮೂರಿಗೆ ಯಾವಾಗ ಬಂದಿತ್ತರಿ? ಗೊತ್ತಾಗಿದ್ರ ಚಾ ಕುಡಿಸಿ ಕಳಸ್ತಿದ್ವಿ.”

ಸಹೋದ್ಯೋಗಿ ನಕ್ಕರು. ಅಧ್ಯಕ್ಷೆ ನಗಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಎದುರು ಕುಳಿತು ಊರಿನ ಸ್ಥಿತಿ ಹೇಳಿದರು. ಊರಿಗೆ ನದಿಯ ನೀರಿನ ಪೈಪು ಬಂದಿದೆ. ಅದು ಕೆಲವು ವಾರ ಬರುತ್ತದೆ, ಕೆಲವು ವಾರ ಬರುವುದಿಲ್ಲ. ಬಾರದಾಗ ಊರು ನಡೆಯುವುದು ಕೆರೆಯ ಮೇಲೆ, ಕೆರೆಯ ಕೆಳಗಿನ ಬಾವಿಗಳ ಮೇಲೆ. ಬೋರುಗಳ ನೀರು ಬಾಯಿಗಿಡಲು ಬರುವುದಿಲ್ಲ. ಕೆರೆಗೆ ನೀರು ತರುವ ಕಾಲುವೆ ಒಂದು ಕಡೆ ಒಡೆದಿದೆ. ಪಟ್ಟಿಯಲ್ಲಿ ಹೆಸರಿದ್ದರೆ ದುರಸ್ತಿ, ಇಲ್ಲದಿದ್ದರೆ ಇಲ್ಲ.

ಆಮೇಲೆ ಅವರು ಹೇಳಿದರು, “ಈ ಸಲ ಉತ್ತರಿಗೆ ಕೋಡಿ ಬಿದ್ದೈತಿ ಅಕ್ಕಾರ. ಹುನಗುಂದದ ಕಡಿ ಹಳ್ಳಾ ಎಲ್ಲಾ ಬಂದ್ ಆಗಿದ್ವಲ್ಲ, ಆವತ್ತ.”

ಯಾವ ದಿನ ಎಂದು ನಾನು ಕೇಳಲಿಲ್ಲ. ನೋಡುತ್ತೇನೆ ಎಂದೆ. ಅವರು ಬಾಟಲಿಯ ನೀರು ಕುಡಿದು ಎದ್ದು ಹೋದರು.

ಅವರು ಹೋದ ಮೇಲೆ ಮಳೆಯ ಫೈಲು ತೆರೆದು ಆ ತಾರೀಖಿನ ಸಾಲಿಗೆ ಹೋದೆ. ಹುನಗುಂದದ ಅಂಕಿ ನೂರು ಮಿಲಿಮೀಟರನ್ನು ದಾಟಿತ್ತು. ಇಳಕಲ್ಲಿನದು ಅದರ ಅರ್ಧ. ಬಾದಾಮಿಯಲ್ಲಿ ನೆಲ ತೋಯುವಷ್ಟು. ಬಾಗಲಕೋಟೆಯಲ್ಲಿ ಸೊನ್ನೆ. ಸಾಲಿನ ಕೊನೆಯ ಮನೆಯಲ್ಲಿ ನಾಲ್ಕರ ಸರಾಸರಿ, ಅದರ ಪಕ್ಕದಲ್ಲಿ ನಮ್ಮ ರೂಢಿಯ ಷರಾ: ಸಾಧಾರಣ ಮಳೆ.

ನನಗೆ ಏನೂ ಅನಿಸಲಿಲ್ಲ. ಅದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಹಾಗೆಯೇ ಆಯಿತು. ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿತು. ಆ ಸರಾಸರಿ ಅಂಕಿಯನ್ನು ಹರಿವಿನ ಲೆಕ್ಕಕ್ಕೆ ಹಾಕಿ ನೋಡಿದೆ. ಬಂದ ಮಳೆಯೆಲ್ಲ ನೆಲಕ್ಕೆ ಇಂಗಿತ್ತು, ಹಳ್ಳಕ್ಕೆ ಹರಿದದ್ದು ಏನೂ ಇಲ್ಲ. ನಮ್ಮ ಫೈಲಿನ ಪ್ರಕಾರ ಆ ದಿನ ಹಳ್ಳ ಬಂದಿರಲಿಲ್ಲ. ಗಾಡಿ ದಾಟಿತ್ತು.

ಆಮೇಲೆ ಮಾದರಿಗಳ ಫೈಲನ್ನೂ ತೆರೆದೆ. ಅಲ್ಲಿಯ ತಪ್ಪು ಇನ್ನೂ ದೊಡ್ಡದು. ಮಾದರಿಗೆ ನಮ್ಮ ತಾರೀಖು ಗೊತ್ತಿಲ್ಲ. ಅದು ಹೇಳುವುದು ಇಂಥ ಕಾಲದಲ್ಲಿ ಇಂಥ ಮಳೆಗಳು ಇಷ್ಟು ಸಲ ಬಂದಾವು ಎಂದು, ಇಂಥ ದಿನವೇ ಬರುತ್ತದೆ ಎಂದಲ್ಲ. ಒಂದು ಮಾದರಿಯಲ್ಲಿ ದೊಡ್ಡ ಮಳೆ ಬಿದ್ದ ದಿನ ಉಳಿದ ನಾಲ್ಕರಲ್ಲಿ ಬಿಸಿಲು. ಕೂಡಿಸಿ ಭಾಗಿಸಿದರೆ ಐದು ದೊಡ್ಡ ಮಳೆಗಳೂ ಕರಗಿ, ಜೂನಿನಿಂದ ನವೆಂಬರಿನವರೆಗೆ ದಿನಾ ಒಂದಿಷ್ಟು ಜಿಟಿಜಿಟಿ ಉಳಿಯುತ್ತದೆ. ವರ್ಷದ ಒಟ್ಟು ಮಳೆ ಸರಿಯಾಗಿಯೇ ಇತ್ತು. ಹಾಗಾಗಿ ಯಾರಿಗೂ ಸಂಶಯ ಬಂದಿರಲಿಲ್ಲ. ಆದರೆ ಜಿಟಿಜಿಟಿ ಮಳೆಗೆ ನಮ್ಮ ಕಡೆಯ ಕೆರೆ ತುಂಬುವುದಿಲ್ಲ. ಕಪ್ಪು ಎರೆ ಭೂಮಿ ಅದನ್ನು ಅಲ್ಲಲ್ಲೇ ಕುಡಿದುಬಿಡುತ್ತದೆ. ವರ್ಷದಲ್ಲಿ ಎರಡೋ ಮೂರೋ ಬಿರುಸಿನ ಮಳೆಗೆ ಕೆರೆಗಳು ತುಂಬುತ್ತವೆ. ಆ ಎರಡು ಮೂರನ್ನೇ ನಾವು ಅಳಿಸಿ ಹಾಕಿದ್ದೆವು.

ತೆರೆಯ ಮೇಲೆ ಆ ಸರಾಸರಿ ಮಳೆಯ ಗೆರೆಯನ್ನು ಬಿಡಿಸಿ ನೋಡಿದೆ. ಏರಿಲ್ಲ, ಇಳಿತವಿಲ್ಲ. ಆ ತಿಂಗಳುಗಳಲ್ಲಿ ನನ್ನ ದಿನಗಳೂ ಹಾಗೇ ಇದ್ದವು.

ಮರುದಿನ ಸಾಹೇಬರ ಕೋಣೆಗೆ ಹೋದೆ. ಅವರು ನಮ್ಮ ಕಚೇರಿಯ ಮುಖ್ಯ ಎಂಜಿನಿಯರು, ಕೆಟ್ಟ ಮನುಷ್ಯರಲ್ಲ. ವರದಿ ಕಳಿಸುವ ಗಡುವು ಅವರ ತಲೆಯ ಮೇಲಿತ್ತು. ನಾನು ಹೇಳಿದ್ದನ್ನು ಕೇಳಿದರು. ಸರಾಸರಿ ತಪ್ಪು ಎಂದು ಬರೆದರೆ ನಮ್ಮ ಹಿಂದಿನ ವರದಿಗಳ ಗತಿ ಏನು ಎಂದು ಕೇಳಿದರು. ಹಿಂದಿನವು ಮಳೆ ಎಷ್ಟಾಯಿತು ಎಂದು ಹೇಳುವ ವರದಿಗಳು, ಅದಕ್ಕೆ ಸರಾಸರಿ ನಡೆಯುತ್ತದೆ, ಹರಿವಿನ ಲೆಕ್ಕಕ್ಕೆ ನಡೆಯುವುದಿಲ್ಲ ಎಂದೆ. ಅವರು ಕಿಟಕಿಯ ಕಡೆ ನೋಡಿದರು. ಬಿಸಿಲು ಬಲಿಯುವುದರೊಳಗೆ ಮುಗಿಸಬೇಕು, ಹೊಸ ಉತ್ತರ ಬರದಿದ್ದರೆ ಹಳೆಯದೇ ಹೋಗುತ್ತದೆ ಎಂದರು.

ಹೊರಗೆ ಬಂದು ಸಹೋದ್ಯೋಗಿಗೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳಬಹುದೆಂದು ಅಂಜಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಅಂದ್ರ ಐದ್ ಮಂದಿ ವರಗೋಳನ್ನ ಕೂಡ್ಸಿ, ಐದರಿಂದ ಭಾಗ್ಸಿ, ಬಂದವ್ಗ ಮಗಳನ್ನ ಕೊಟ್ಟಂಗ ಆತಲ್ರಿ ಅಕ್ಕಾರ, ನಾ ಮಾಡಿದ್ದು.”

ಬಹಳ ದಿನಗಳ ಮೇಲೆ ನನಗೆ ನಗು ಬಂತು. ಬಂದದ್ದು ಗೊತ್ತಾದ ಕೂಡಲೇ ನಿಂತಿತು.

ಮೊದಲು ಮಾಡಿದ್ದು ಹಿಂದಿನ ವರ್ಷಗಳ ಪರೀಕ್ಷೆ. ಆಗಿಹೋದ ವರ್ಷಗಳಲ್ಲಿ ಆ ಕೆರೆ ಯಾವಾಗ ಕೋಡಿ ಬಿತ್ತು ಎಂದು ಅಧ್ಯಕ್ಷೆಗೆ ಫೋನು ಮಾಡಿ ಕೇಳಿದೆ. ಅವರು ಊರಲ್ಲಿ ವಿಚಾರಿಸಿ ಹೇಳಿದರು. ಜನ ಇಸವಿ ಹೇಳುವುದಿಲ್ಲ. ದೊಡ್ಡ ಮಗನ ಮದುವೆಯ ವರ್ಷ, ಸಾಲಿಯ ಹೊಸ ಕೋಣೆ ಕಟ್ಟಿದ ವರ್ಷ ಎನ್ನುತ್ತಾರೆ. ಅವನ್ನೆಲ್ಲ ಕೂಡಿ ಕುಳಿತು ಇಸವಿಗಿಳಿಸಿದೆವು. ಹಳೆಯ ವಿಧಾನದಲ್ಲಿ, ಅಂದರೆ ನಾಲ್ಕು ಮಾಪಕಗಳ ಸರಾಸರಿಯಲ್ಲಿ, ಈ ಯಾವ ವರ್ಷದಲ್ಲೂ ಕೆರೆ ತುಂಬಲಿಲ್ಲ. ಊರೆಲ್ಲ ಕಣ್ಣಾರೆ ನೋಡಿದ ಕೋಡಿ ನಮ್ಮ ಲೆಕ್ಕದಲ್ಲಿ ಬಿದ್ದೇ ಇರಲಿಲ್ಲ. ಆಗಿಹೋದದ್ದನ್ನು ಹೇಳಲಾರದ ಲೆಕ್ಕ ಆಗಬೇಕಾದದ್ದನ್ನು ಹೇಗೆ ಹೇಳೀತು? ಸಾಹೇಬರಿಗೆ ತೋರಿಸಲು ನನಗೆ ಇದೊಂದು ಸಾಕಾಗಿತ್ತು.

ಸರಾಸರಿ ಬಿಟ್ಟು, ಕೆರೆಗೆ ಹತ್ತಿರದ ಹುನಗುಂದದ ಮಾಪಕವೊಂದನ್ನೇ ಹಾಕಿದೆ. ಈಗ ಕೆರೆ ಪ್ರತಿ ವರ್ಷವೂ ತುಂಬಿತು. ಬರ ಬಿದ್ದ ವರ್ಷಗಳಲ್ಲಿಯೂ ಕೋಡಿ ಬಿತ್ತು. ಮೊದಲು ಒಂದು ಕಡೆ ತಪ್ಪಿದ್ದೆವು, ಈಗ ಇನ್ನೊಂದು ಕಡೆ. ಕುಳಿತಲ್ಲೇ ಕೆಲವು ಅಂಕಿಗಳನ್ನು ಹಿಂದೆ ಮುಂದೆ ಎಳೆದು ಹೊಂದಿಸಬಹುದಿತ್ತು. ಹಾಗೆ ಹೊಂದಿಸಿದರೆ ಮುಂದಿನ ವರ್ಷಗಳ ಉತ್ತರ ನಂಬುವಂತಿರುವುದಿಲ್ಲ. ನೋಡದೆ ಆಗುವುದಿಲ್ಲ ಎಂದು ಆ ಊರಿಗೆ ಹೋದೆ.

ಬಿಳಿಜೋಳದ ಕೊಯ್ಲು ಮುಗಿದಿತ್ತು. ಹುನಗುಂದದವರೆಗೆ ಬಸ್ಸು. ಒಳರಸ್ತೆಯ ಬಸ್ಸಲ್ಲ, ದೊಡ್ಡ ರಸ್ತೆಯದು. ಹತ್ತುವ ಮೊದಲು ಕಂಡಕ್ಟರನನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಅಲ್ಲಿಂದ ಅಧ್ಯಕ್ಷೆ ತಮ್ಮ ಸ್ಕೂಟಿಯಲ್ಲಿ ಕರೆದೊಯ್ದರು. ಕೆರೆಯಲ್ಲಿ ಇನ್ನೂ ನೀರಿತ್ತು. ನಾವು ಕೆರೆಯ ಹತ್ತಿರ ನಿಲ್ಲದೆ, ನೀರು ಬರುವ ದಿಕ್ಕು ಹಿಡಿದು ಹೊಲಗಳೊಳಗೆ ನಡೆದೆವು. ನೆಲ ಬಿರುಕು ಬಿಡಲು ಸುರುಮಾಡಿತ್ತು.

“ಕಾಲ್ ನೋಡಿ ಇಡ್ರಿ ಅಕ್ಕಾರ. ನಮ್ಮ ಎರಿ ಚಪ್ಪಲಿ ನುಂಗತೈತಿ.”

ಎರಡು ಸಂಗತಿಗಳು ಕಂಡವು. ಒಂದು ಆ ಬಿರುಕುಗಳು. ಬೇಸಿಗೆಯಲ್ಲಿ ಅವು ಮೊಣಕಾಲಷ್ಟು ಆಳಕ್ಕಿಳಿಯುತ್ತವೆ. ಮುಂಗಾರಿನ ಮಳೆ ಎಷ್ಟು ಬಿರುಸಾಗಿ ಬಂದರೂ ಮೊದಲು ಅವುಗಳೊಳಗೇ ಹೋಗುತ್ತದೆ. ನೆಲ ಉಬ್ಬಿ ಬಿರುಕು ಮುಚ್ಚಿದ ಮೇಲೆ, ಹುಬ್ಬಿ, ಉತ್ತರಿ ಮಳೆಗಳ ಹೊತ್ತಿಗೆ, ಅದೇ ಮಳೆ ಹರಿಯುತ್ತದೆ. ಎರಡನೆಯದು ಒಡ್ಡುಗಳು. ಈ ಕಡೆಯ ರೈತರು ಹೊಲದ ತಗ್ಗಿನಲ್ಲಿ ಎತ್ತರದ ಒಡ್ಡು ಹಾಕಿ, ಹೆಚ್ಚಾದ ನೀರು ಹೋಗಲು ಕಲ್ಲು ಜೋಡಿಸಿ ಬಾಯಿ ಬಿಟ್ಟಿರುತ್ತಾರೆ. ಮೇಲಿನ ಹೊಲ ನಿಂತು ತುಂಬಿದ ಮೇಲೆ ಕೆಳಗಿನದಕ್ಕೆ, ಅದು ತುಂಬಿದ ಮೇಲೆ ಅದರ ಕೆಳಗಿನದಕ್ಕೆ, ಎಲ್ಲವೂ ಆದ ಮೇಲೆ ಕಾಲುವೆಗೆ. ನಾನು ಹುಟ್ಟಿದಾಗಿನಿಂದ ಈ ಒಡ್ಡುಗಳನ್ನು ನೋಡಿದವಳು. ಲೆಕ್ಕಕ್ಕೆ ಕುಳಿತಾಗ ಅವು ನೆನಪಿಗೆ ಬಂದಿರಲಿಲ್ಲ. ನಾವು ಹರಿವಿನ ಲೆಕ್ಕದಲ್ಲಿ ಬಳಸುತ್ತಿದ್ದ ನೆಲ ಬೇರೆ ಯಾವುದೋ ಸೀಮೆಯ ನೆಲ.

ಒಂದೊಂದು ಒಡ್ಡಿನ ಎತ್ತರವನ್ನು, ಕಲ್ಲುಬಾಯಿಯ ಮಟ್ಟವನ್ನು ಟೇಪು ಹಿಡಿದು ಅಳೆದೆವು. ಟೇಪಿನ ಆ ತುದಿಯನ್ನು ಅಧ್ಯಕ್ಷೆ ಹಿಡಿದರು. ನಡುವೆ ಒಂದು ಬೇವಿನ ಮರದ ಕೆಳಗೆ ಕುಳಿತು ರೊಟ್ಟಿ ಬಿಚ್ಚಿದೆವು. ಊಟ ಮಾಡುತ್ತ ಅವರು ನನ್ನ ಮನೆಯ ವಿಚಾರ ಕೇಳಿದರು.

“ನಿಮ್ಮ ಯಜಮಾನ್ರು ಏನ್ ಮಾಡ್ತಾರ್ರಿ?”

“ಸಾಲ್ಯಾಗ ಮಾಸ್ತರಿದ್ದಾರ್ರಿ. ಗಣಿತ ಕಲಸ್ತಾರ,” ಎಂದೆ.

ಹೇಳಿದ ಮೇಲೆ ತಿದ್ದಬೇಕೆನಿಸಲಿಲ್ಲ. ಅವರು ಒಳ್ಳೆಯದು ಎಂದು ತಲೆಯಾಡಿಸಿ ನನ್ನ ರೊಟ್ಟಿಗೆ ಇನ್ನಷ್ಟು ಮೊಸರು ಹಾಕಿದರು.

ನಾನು ಅವರಿಗೆ ಇನ್ನೊಂದು ಪ್ರಶ್ನೆ ಕೇಳಿದೆ. ಒಂದು ವರ್ಷ ಕೆರೆ ತುಂಬದಿದ್ದರೆ ಏನು ಮಾಡುತ್ತೀರಿ? ಒಂದು ವರ್ಷ ಹೇಗೋ ನಡೆಯುತ್ತದೆ ಎಂದರು. ಹಿಂದಿನ ವರ್ಷದ ನೀರು ಬಾವಿಗಳಲ್ಲಿ ಇಳಿದಿರುತ್ತದೆ. ಸಾಲಾಗಿ ಎರಡನೆಯ ವರ್ಷವೂ ತುಂಬದಿದ್ದರೆ ಬಾವಿಗಳು ಕೈ ಕೊಡುತ್ತವೆ, ಆಗ ಟ್ಯಾಂಕರಿನ ಹಿಂದೆ ನಿಲ್ಲಬೇಕು. ಈ ಉತ್ತರದಿಂದ ನನ್ನ ಲೆಕ್ಕದ ಪ್ರಶ್ನೆಯೇ ಬದಲಾಯಿತು. ಅಲ್ಲಿಯವರೆಗೆ ನಾವು ಕೇಳುತ್ತಿದ್ದದ್ದು ಕೆರೆಯಲ್ಲಿ ವರ್ಷಕ್ಕೆ ಸರಾಸರಿ ಎಷ್ಟು ನೀರಿರುತ್ತದೆ ಎಂದು. ಕೇಳಬೇಕಾಗಿದ್ದದ್ದು ಎರಡು ಖಾಲಿ ವರ್ಷಗಳು ಬೆನ್ನಿಗೆ ಬೆನ್ನು ಹಚ್ಚಿ ಎಷ್ಟು ಸಲ ಬಂದಾವು ಎಂದು.

ಬಾಗಲಕೋಟೆಗೆ ಮರಳಿ ಬಿರುಕುಗಳನ್ನೂ ಒಡ್ಡುಗಳನ್ನೂ ಲೆಕ್ಕಕ್ಕೆ ಸೇರಿಸಿದೆ. ಕೋಡಿ ಬಿದ್ದ ವರ್ಷಗಳಲ್ಲಿ ಹೆಚ್ಚಿನವು ಹೊಂದಿದವು. ಒಂದೆರಡು ಹೊಂದಲಿಲ್ಲ. ಹೊಂದದವುಗಳನ್ನು ಹಾಗೆಯೇ ಬರೆದಿಟ್ಟೆ.

ಆಮೇಲೆ ಮಾದರಿಗಳ ಸರದಿ. ಒಂದೊಂದನ್ನೂ ಬೇರೆ ಬೇರೆಯಾಗಿ ಹಿಡಿದೆ. ಒಂಟಿ ಮಾದರಿಯಲ್ಲಿಯೂ ಜಿಟಿಜಿಟಿ ದಿನಗಳು ಹೆಚ್ಚು, ದೊಡ್ಡ ಮಳೆ ಕಡಿಮೆ. ಅಷ್ಟು ದೊಡ್ಡ ಚೌಕಕ್ಕೆಲ್ಲ ಒಂದೇ ಮಳೆ ಎಂದಾಗ ಅದು ಹಾಗಾಗುತ್ತದೆ. ಹುನಗುಂದದ ಮಾಪಕದಲ್ಲಿ ಮಳೆಯ ದಿನಗಳು ಎಷ್ಟಿರುತ್ತವೋ ಅಷ್ಟನ್ನು ಉಳಿಸಿ, ಅದಕ್ಕಿಂತ ಸಣ್ಣ ತುಂತುರನ್ನು ತೆಗೆದೆ. ದೊಡ್ಡ ಮಳೆಗಳನ್ನು ಮಾಪಕದ ದೊಡ್ಡ ಮಳೆಗಳ ಮಟ್ಟಕ್ಕೆ ತಂದೆ. ಇದನ್ನು ಇಡೀ ಮಳೆಗಾಲಕ್ಕೆ ಒಟ್ಟಾಗಿ ಮಾಡದೆ ತಿಂಗಳು ತಿಂಗಳಿಗೆ ಮಾಡಿದೆ. ನಮಗೆ ನೀರು ಕೊಡುವುದು ಸೆಪ್ಟೆಂಬರ್, ಅಕ್ಟೋಬರ್. ಜುಲೈ ತಿಂಗಳ ತಪ್ಪನ್ನು ತಿದ್ದುವ ಅಳತೆಯಿಂದ ಅವನ್ನು ತಿದ್ದಿದರೆ ಕೆಡುತ್ತವೆ. ಒಂದು ಮಾದರಿ ಮಾತ್ರ ಎಷ್ಟು ತಿದ್ದಿದರೂ ನಿಲ್ಲಲಿಲ್ಲ. ಅದರಲ್ಲಿ ಮಳೆಗಾಲವೆಲ್ಲ ಜುಲೈಗೇ ಮುಗಿದುಬಿಡುತ್ತಿತ್ತು, ಹಿಂಗಾರು ಎಂಬುದೇ ಇರಲಿಲ್ಲ. ಅದನ್ನು ಕೈಬಿಟ್ಟೆ. ಏಕೆ ಬಿಟ್ಟೆ ಎಂದು ವರದಿಯಲ್ಲಿ ಬರೆದೆ.

ಉಳಿದ ನಾಲ್ಕು ಮಾದರಿಗಳ ಮಳೆಯನ್ನು ಒಂದೊಂದಾಗಿ ಹೊಲಗಳ ಮೇಲೆ, ಒಡ್ಡುಗಳ ಮೇಲೆ ಹರಿಸಿ ಕೆರೆಯವರೆಗೆ ತಂದೆ. ನಡುವೆ ಎಲ್ಲಿಯೂ ಕೂಡಿಸಲಿಲ್ಲ. ನಾಲ್ಕು ಬೇರೆ ಬೇರೆ ಉತ್ತರ ಬಂದವು. ಮೂರರಲ್ಲಿ ಕೆರೆ ಬಹುಪಾಲು ವರ್ಷಗಳಲ್ಲಿ ತುಂಬುತ್ತಿತ್ತು, ಜೋಡಿ ಖಾಲಿ ವರ್ಷಗಳು ಅಪರೂಪವಾಗಿದ್ದವು. ಒಂದರಲ್ಲಿ ಆ ಜೋಡಿ ವರ್ಷಗಳು ಈಗಿನದಕ್ಕಿಂತ ಹೆಚ್ಚು ಸಲ ಬರುತ್ತಿದ್ದವು. ನಾಲ್ಕರಲ್ಲಿ ಯಾವುದು ನಿಜವಾಗುತ್ತದೆ ಎಂದು ಹೇಳುವ ದಾರಿ ನನಗಿಲ್ಲ, ಯಾರಿಗೂ ಇಲ್ಲ. ಅಷ್ಟು ದಿನ ದುಡಿದು ಕೊನೆಗೆ ಸಿಕ್ಕದ್ದು ಗೊತ್ತಿಲ್ಲ ಎಂಬ ಮಾತು. ನಾಲ್ಕನ್ನೂ ಕೂಡಿಸಿ ಭಾಗಿಸಿದರೆ ಕೇಳಲು ಹಿತವಾದ ಒಂದು ಅಂಕಿ ಬರುತ್ತಿತ್ತು. ಆ ಸಂಜೆ ಸರಾಸರಿಯ ಸೂತ್ರ ಹಾಕುವ ಮನೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತಿದ್ದೆ. ಆಮೇಲೆ ಆ ಮನೆಯನ್ನು ಖಾಲಿ ಬಿಟ್ಟು ಕಂಪ್ಯೂಟರ ಮುಚ್ಚಿದೆ.

ಆ ಭಾನುವಾರ ಇಳಕಲ್ಲಿಗೆ ಹೋದೆ. ಭಾವ ಬಸ್ ನಿಲ್ದಾಣಕ್ಕೆ ಬಂದಿದ್ದರು. ಆ ದಿನದಿಂದ ಅವರು ರಸ್ತೆಯ ಮಾತು ಎತ್ತುವುದಿಲ್ಲ. ದೊಡ್ಡ ರಸ್ತೆಯಲ್ಲೇ ನಿಂತಿದ್ದರೆ ಎಂದು ಅವರು ಒಳಗೊಳಗೆ ಲೆಕ್ಕ ಹಾಕುತ್ತಾರೆ ಎಂದು ನನಗೆ ಗೊತ್ತು. ಆ ದಿನದ ಮಳೆಯ ಅಂಕಿ ನೋಡಿದೆ ಎಂದು ನಾನೇ ಹೇಳಿದೆ. ಅಷ್ಟು ಮಳೆಗೆ ದೊಡ್ಡ ರಸ್ತೆಯಲ್ಲಿಯೂ ಸಂಜೆಯವರೆಗೆ ಗಾಡಿಗಳನ್ನು ಬಿಟ್ಟಿರಲಿಲ್ಲ, ಪತ್ತೆ ಮಾಡಿದ್ದೇನೆ ಎಂದೆ. ಪತ್ತೆ ಮಾಡಿದ್ದು ನಿಜ. ಅವರು ಗಾಡಿಯ ಕನ್ನಡಿಯನ್ನು ಸರಿಮಾಡಿದರು, ಅದು ಸರಿಯಾಗಿಯೇ ಇತ್ತು.

ವರದಿಯ ಕರಡನ್ನು ಸಾಹೇಬರು ಸಹೋದ್ಯೋಗಿಯ ಎದುರಿಗೇ ಓದಿದರು. ಒಂದೊಂದು ಪುಟವನ್ನೂ ನಿಧಾನಕ್ಕೆ ತಿರುವಿದರು.

“ಮೇಡಂ, ಮ್ಯಾಲಿನವರು ಒಂದ್ ಅಂಕಿ ಕೇಳ್ತಾರ. ನೀವು ನಾಕ್ ಕಥಿ ಹೇಳಾಕತ್ತೀರಿ.”

“ನಾಕೂ ಕಥಿಯೊಳಗ ಕೆರಿ ತುಂಬತೈತ್ರಿ ಸರ್. ಒಂದರೊಳಗ ಜೋಡ ವರ್ಷ ಖಾಲಿ ಬೀಳೂದು ಹೆಚ್ಚೈತಿ. ಆ ಒಂದಕ್ಕ ಈಗಿಂದನ ತಯಾರಿ ಮಾಡ್ಕೊಂಡ್ರ ಉಳಿದ ಮೂರಕ್ಕ ಲುಕ್ಸಾನ ಇಲ್ರಿ.”

ತಯಾರಿ ಎಂದರೆ ಏನೆಂದು ಕೇಳಿದರು. ಬರೆದದ್ದನ್ನು ಓದಿದೆ: ಕೆರೆಯನ್ನು ಪಟ್ಟಿಯಲ್ಲಿ ಉಳಿಸುವುದು, ಒಡೆದ ಕಾಲುವೆಯನ್ನು ಕಟ್ಟುವುದು, ಒಂದು ವರ್ಷ ಕೆರೆ ತುಂಬದಿದ್ದರೆ ಎರಡನೆಯದಕ್ಕೆ ಕಾಯದೆ ನದಿಯ ಪೈಪಿನ ನೀರನ್ನು ಆ ಊರಿಗೆ ಮೀಸಲಿಡುವುದು. ಸಹೋದ್ಯೋಗಿ ತಮ್ಮ ಐದು ವರಗಳ ಮಾತನ್ನು ಸಾಹೇಬರಿಗೂ ಹೇಳಿದರು. ಸಾಹೇಬರಿಗೆ ಇಬ್ಬರು ಹೆಣ್ಣುಮಕ್ಕಳು. ಅವರು ತುಟಿ ಬಿಗಿಹಿಡಿದು, ಆಗಲಿ, ನಾಲ್ಕೂ ಇರಲಿ, ಮೇಲಿನವರು ಕೇಳಿದರೆ ನಾನು ಹೇಳಿಕೊಳ್ಳುತ್ತೇನೆ ಎಂದರು.

ಕೊನೆಯ ಪುಟದಲ್ಲಿ ಒಂದು ಕೋಷ್ಟಕವಿತ್ತು. ಸರಾಸರಿಯಿಂದ ಏನು ತಪ್ಪುತ್ತದೆ ಎಂದು ತೋರಿಸಲು ಉದಾಹರಣೆಗೆ ಒಂದೇ ಒಂದು ದಿನವನ್ನು ಇಟ್ಟಿದ್ದೆ. ತಾರೀಖು, ನಾಲ್ಕು ಊರುಗಳ ಮಳೆ, ಸರಾಸರಿ, ಸರಾಸರಿಯ ಪ್ರಕಾರ ಹಳ್ಳದ ಹರಿವು: ಇಲ್ಲ. ನಿಜದಲ್ಲಿ: ಹಳ್ಳ ತುಂಬಿ, ಸೇತುವೆ ಮುಳುಗಿ, ಮಧ್ಯಾಹ್ನದಿಂದ ಸಂಚಾರ ಬಂದ್. ಕೊನೆಯ ಕಾಲಮ್ ಆಧಾರ. ಅದನ್ನು ಖಾಲಿ ಬಿಟ್ಟಿದ್ದೆ.

“ಇದೊಂದು ಉಳೀತಲ್ರಿ,” ಎಂದರು ಸಾಹೇಬರು. “ಆ ಹಳ್ಳಕ್ಕ ನಮ್ಮ ಮಾಪಕ ಇಲ್ಲ. ತುಂಬಿ ಬಂದಿತ್ತನ್ನಾಕ ಆಧಾರ ಏನು? ಯಾರ್ ನೋಡ್ಯಾರ?”

“ನಾ ಅಲ್ಲೇ ಇದ್ನಿರಿ ಸರ್,” ಎಂದೆ.

ಅವರು ಮತ್ತೆ ತಾರೀಖಿನ ಕಡೆ ನೋಡಿದರು. ನನ್ನ ರಜೆಯ ಅರ್ಜಿಗೆ ಸಹಿ ಹಾಕಿದವರು ಅವರೇ. ಪೆನ್ನಿನ ಟೊಪ್ಪಿಗೆ ಮುಚ್ಚಿ ಮೇಜಿನ ಮೇಲಿಟ್ಟರು. ಸಹೋದ್ಯೋಗಿ ಎದ್ದು ಹೋಗಿ ಫ್ಯಾನಿನ ವೇಗ ಕಡಿಮೆ ಮಾಡಿ ಬಂದು ಕುಳಿತರು. ಸಾಹೇಬರು, ಹಾಗಿದ್ದರೆ ಅದನ್ನೇ ಬರೆಯಿರಿ ಎಂದರು.

ನನ್ನ ಮೇಜಿಗೆ ಬಂದು ಖಾಲಿ ಮನೆಯಲ್ಲಿ ಎರಡು ಪದ ಹಾಕಿದೆ: ಪ್ರತ್ಯಕ್ಷ ವೀಕ್ಷಣೆ.

ವರದಿ ಹೋಯಿತು. ಕೆರೆ ಪಟ್ಟಿಯಲ್ಲಿ ಉಳಿಯಿತು, ಕಾಲುವೆಯ ದುರಸ್ತಿಗೆ ಒಪ್ಪಿಗೆಯೂ ಸಿಕ್ಕಿತು. ಸುದ್ದಿ ತಿಳಿದ ದಿನ ಅಧ್ಯಕ್ಷೆ ಫೋನು ಮಾಡಿ, ಕಂಪ್ಯೂಟರಿಗೆ ನಮ್ಮೂರಿನ ಚಾ ಬಾಕಿ ಇದೆ, ಮಾಸ್ತರರನ್ನೂ ಕರೆದುಕೊಂಡು ಬನ್ನಿ ಎಂದರು. ಆಗ ನಿಜ ಹೇಳಿದೆ. ಆಮೇಲೆ ಅವರು, ನೀವಾದರೂ ಬನ್ನಿ ಎಂದರು. ಬರುತ್ತೇನೆ ಎಂದೆ.

ನಾಲ್ಕು ಊರುಗಳ ಅಂಕಿಗಳನ್ನು ಈಗಲೂ ಬೆಳಿಗ್ಗೆ ನಾನೇ ಫೈಲಿಗೆ ಹಾಕುತ್ತೇನೆ. ಹರಿವಿನ ಲೆಕ್ಕಕ್ಕೆ ಒಂದೊಂದು ಊರಿನದು ಅದರದರ ದಾರಿಯಲ್ಲಿ ಹೋಗುತ್ತದೆ. ಹೊಸ ವಿಧಾನವನ್ನು ಹಿಂದಿನ ಎಲ್ಲ ದಿನಗಳಿಗೂ ಓಡಿಸಿ ಇಟ್ಟಿದ್ದೇನೆ. ಈಗ ನಮ್ಮ ಲೆಕ್ಕದಲ್ಲಿಯೂ ಆ ದಿನ ಹಳ್ಳ ಬರುತ್ತದೆ. ಗಾಡಿ ದಾಟುವುದಿಲ್ಲ.